ಬೆಚ್ಚಗಿದ್ದ ಡ್ರಮ್

ಪುಣೆಯ ಭೋಸರಿಯಲ್ಲಿ ನಮ್ಮ ಗ್ಯಾರೇಜು. ಗಿರಾಕಿಗಳಲ್ಲಿ ಇಂಡಿ, ಸಿಂದಗಿ ಕಡೆಯವರೇ ಹೆಚ್ಚು. ಬಿಲ್ಲಿನ ಮೇಲೆ ಕನ್ನಡದಲ್ಲಿ ಜಗಳವಾಡಬಹುದೆಂದೇ ಅಷ್ಟು ದೂರದಿಂದ ಬರುತ್ತಾರೆಂಬುದು ನನ್ನ ಗುಮಾನಿ. ಅವರಲ್ಲೊಬ್ಬ ಕಾಕಾ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಿಂದ ವಾಶಿಗೆ ಪಿಕಪ್‌ನಲ್ಲಿ ಈರುಳ್ಳಿ ಒಯ್ಯುತ್ತಾರೆ.

"ತಮ್ಮಾ, ಖಂಡಾಲ ಘಾಟ್ ಇಳಿಯುವಾಗ ಮುಂದಿನ ಗಾಲಿಯಿಂದ ಸುಟ್ಟ ವಾಸನೆ ಬರುತ್ತದೆ. ಹಿಂದಿನ ಬ್ರೇಕ್ ಹಿಡಿಯುವುದೇ ಇಲ್ಲ."

ಹಿಂದಿನ ಗಾಲಿಯ ಬ್ರೇಕ್ ಡ್ರಮ್ ಬಿಚ್ಚಿದೆ. ಡ್ರಮ್ಮಿಗೆ ಒತ್ತಿ ಗಾಲಿ ನಿಲ್ಲಿಸುವ ಶೂಗಳ ಲೈನಿಂಗ್ ದಪ್ಪವಾಗಿಯೇ ಇತ್ತು. ವೀಲ್ ಸಿಲಿಂಡರ್ ಸೋರುತ್ತಿರಲಿಲ್ಲ, ಆಕ್ಸಲ್ ಸೀಲಿನಿಂದ ಎಣ್ಣೆ ಜಿನುಗಿರಲಿಲ್ಲ. ಏನೂ ತೊಂದರೆ ಕಾಣುತ್ತಿಲ್ಲ ಎಂದು ಹೇಳಲು ಸಂಕೋಚವಾಗಿ ಹೊಸ ಶೂ ಹಾಕಿದೆ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದೆ, ಹಣ ಎಣಿಸಿಕೊಂಡೆ. ವಾರಕ್ಕೆ ಕಾಕಾ ಮತ್ತೆ ಬಾಗಿಲಲ್ಲಿ. ಶೂ-ಡ್ರಮ್ಮಿನ ಅಂತರ ಹೊಂದಿಸುವ ಅಡ್ಜಸ್ಟರ್ ಅದಲುಬದಲಾಗಿದೆಯೇನೋ ಎಂದು ನೋಡಿದೆ. ಎಡಬಲಗಳ ತಿರುಪಿನ ಸುತ್ತು ಉಲ್ಟಾ ಇರುತ್ತದೆ, ಗಡಿಬಿಡಿಯಲ್ಲಿ ಎಂಥವರೂ ತಪ್ಪುತ್ತಾರೆ. ಅದೂ ಸರಿಯಾಗಿತ್ತು.

ಕೊನೆಗೆ ಒಂದು ರಾತ್ರಿ ಲೋಡಿನ ಜೊತೆ ನಾನೇ ಹೊರಟೆ. ಹಳೆಯ ರಸ್ತೆಯಲ್ಲಿ ಘಾಟ್ ಇಳಿದು ಖೋಪೋಲಿಯಲ್ಲಿ ಚಹಾಕ್ಕೆ ನಿಂತೆವು. ಮುಂದಿನ ಗಾಲಿಯ ಹತ್ತಿರ ಬಗ್ಗಿದರೆ ಮುಖಕ್ಕೆ ಝಳ ಹೊಡೆಯುತ್ತಿತ್ತು. ಹಿಂದಿನ ಡ್ರಮ್ಮಿಗೆ ಹೆದರುತ್ತಲೇ ಅಂಗೈ ಇಟ್ಟೆ: ಚಹಾ ಕುಡಿದಿಟ್ಟ ಲೋಟದಷ್ಟು ಬೆಚ್ಚಗೆ! ಘಾಟಿನುದ್ದಕ್ಕೂ ಅದು ದುಡಿದೇ ಇರಲಿಲ್ಲ.

ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ಕೆಳಗೆ ತೂರಿದೆ. ಕಮಾನು ಪಟ್ಟಿಗಳ ಸಾಲಿನಲ್ಲಿ ಒಂದು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಹೆಚ್ಚು ಮಾಲು ಹೇರಲೆಂದು ಕಾಕಾ ಬೇರೆಲ್ಲೋ ಅದನ್ನು ಹಾಕಿಸಿದ್ದರು. ಆಕ್ಸಲ್‌ನಿಂದ ಚಾಸಿಯ ಮೇಲಿನ ಲೋಡ್ ಸೆನ್ಸಿಂಗ್ ವಾಲ್ವ್‌ಗೆ ಒಂದು ಸರಳು ಹೋಗುತ್ತದೆ. ಭಾರಕ್ಕೆ ಗಾಡಿಯ ಹಿಂಭಾಗ ಕುಸಿದಷ್ಟೂ ಆ ಸರಳು ವಾಲ್ವನ್ನು ತೆರೆದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹೆಚ್ಚುವರಿ ಪಟ್ಟಿಯಿಂದಾಗಿ ಹಿಂಭಾಗ ಕುಸಿಯುತ್ತಲೇ ಇರಲಿಲ್ಲ. ಮೇಲೆ ಈರುಳ್ಳಿ ತುಂಬಿದ್ದರೂ ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ.

"ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡು, ಮುಗಿಯಿತು" ಎಂದರು ಕಾಕಾ. ಹಾಗೆ ಕಟ್ಟಿದ ಗಾಡಿಗಳನ್ನು ನೋಡಿದ್ದೇನೆ. ಖಾಲಿ ಮರಳುವಾಗ ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಗಾಲಿಗಳು ಮೊದಲೇ ಬಿಗಿದುಕೊಂಡು ಬಾಲ ಪಕ್ಕಕ್ಕೆ ಬೀಸುತ್ತದೆ. ನಾನು ಒಪ್ಪಲಿಲ್ಲ.

ಮರುದಿನ ಆ ಪಟ್ಟಿ ತೆಗೆದೆ. ಗಾಡಿಯನ್ನು ಸಮನೆಲದಲ್ಲಿ ಖಾಲಿ ನಿಲ್ಲಿಸಿ, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಸರಳನ್ನು ಹೊಂದಿಸಿದೆ. ಹೆಚ್ಚು ಚೀಲ ಹೇರುವಂತಿಲ್ಲ ಎಂದಾಗ ಕಾಕಾ ಮುಖ ಗಂಟಿಕ್ಕಿಕೊಂಡರು. ಆ ದಿನದ ಕೂಲಿ ನಾನು ಕೇಳಲಿಲ್ಲ. ಹೊಸ ಶೂಗಳ ಹಣ ಅವರು ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ.