ಪ್ಯಾರಮೀಸಿಯಮ್ ಲಾಗ್: ಕಳ್ಳ ಲೋಳೆಯಲ್ಲೇ ಕೂತಿದ್ದ

ಏಕಕೋಶ ಜೀವಿ ಪ್ಯಾರಮೀಸಿಯಮ್ ತನ್ನೊಳಗೆ ನುಗ್ಗುವ ನೀರನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂದು ಸೂಕ್ಷ್ಮದರ್ಶಕದಡಿ ಅಳೆಯುತ್ತಿದ್ದೆವು, ಲೆಕ್ಕ ಕೆಡಿಸುತ್ತಿದ್ದ ಕಾರಣ ಕೊನೆಗೂ ಸಿಕ್ಕಿಬಿತ್ತು. ಸಾದಾ ಕಲ್ಚರ್ ನೀರಿನಲ್ಲಿ (ಕೋಶಗಳನ್ನು ಸಾಕಿದ ನೀರು) ಸುಮಾರು 10 ಸೆಕೆಂಡಿಗೊಮ್ಮೆ ನೀರು ಕಾರುವ ಸಂಕೋಚನ ರಸದಾನಿ (ಕೋಶದೊಳಗೆ ನೀರು ತುಂಬಿಕೊಂಡು, ಕುಸಿದು ಹೊರಚೆಲ್ಲುವ ಚೀಲ), ಓಟ ತಡೆಯಲು ಲೋಳೆ ಬೆರೆಸಿದ ಕೂಡಲೇ 40 ಸೆಕೆಂಡಾದರೂ ಮಿಸುಕದೆ ಕೂರುತ್ತಿತ್ತಲ್ಲ, ಅದರಲ್ಲಿ ಪ್ಯಾರಮೀಸಿಯಮ್‌ನದ್ದೇನೂ ತಪ್ಪಿಲ್ಲ. ಬಾಟಲಿಯ ಮೇಲೆ ಮೀಥೈಲ್ ಸೆಲ್ಯುಲೋಸ್ ಎಂಬ ಚೀಟಿ, ಒಳಗಿದ್ದದ್ದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಕಳಿಸಿದವರನ್ನು ಕೇಳಿದರೆ "ಎರಡೂ ಒಂದೇ, ಎರಡೂ ಗಟ್ಟಿಯಾಗುತ್ತವೆ" ಎಂಬ ಉತ್ತರ. ಗಟ್ಟಿಯಾಗುತ್ತವೆ, ನಿಜ.

ಕಲ್ಚರ್, ಸ್ಲೈಡು, ಐಪೀಸ್ ಸ್ಕೇಲ್ ಹೊಂದಿಸುವುದು ಇವೆಲ್ಲ ಗೊತ್ತಿದ್ದದ್ದೇ. ಆದರೆ ಈ ರಸದಾನಿಯ ಮೇಲೆ ಎಷ್ಟು ಹೊರೆಯಿದೆ ಎಂಬ ಲೆಕ್ಕವನ್ನು ಒಮ್ಮೆ ಹಾಕಿಯೇ ಮುಂದೆ ಹೋಗೋಣ. ಕುಸಿಯುವ ಮುಂಚಿನ ವ್ಯಾಸ 12 ಮೈಕ್ರೋಮೀಟರ್ ಅಂದರೆ ಗಾತ್ರ ಸುಮಾರು 905 ಘನ ಮೈಕ್ರೋಮೀಟರ್. ಎರಡು ರಸದಾನಿ, ನಿಮಿಷಕ್ಕೆ ತಲಾ 6 ಸಲ: ಹತ್ತಿರ ಹತ್ತಿರ 10,900. ಕೋಶವನ್ನು 200 ಉದ್ದ, 50 ಅಗಲದ ಮೊಟ್ಟೆಯಾಕಾರವೆಂದು ಹಿಡಿದರೆ ಅದರ ಗಾತ್ರ 2,62,000. ಅಂದರೆ 24 ನಿಮಿಷದಲ್ಲಿ ತನ್ನ ಮೈಯಷ್ಟೇ ನೀರನ್ನು ಹೊರಗೆ ಚೆಲ್ಲುತ್ತದೆ. ಒಳಗಿನ ದ್ರವ ಹೊರಗಿನದಕ್ಕಿಂತ ಸಾಂದ್ರ, ಹಾಗಾಗಿ ಅಭಿಸರಣದಿಂದ (ಪೊರೆಯ ಮೂಲಕ ಸಾಂದ್ರ ದ್ರವದ ಕಡೆಗೆ ನೀರು ಹರಿಯುವುದು) ನೀರು ನುಗ್ಗುವುದು ನಿಲ್ಲುವುದೇ ಇಲ್ಲ.

ಇಂಥ ಪಂಪು ಏಕಾಏಕಿ ನಿಧಾನವಾದರೆ ಎರಡೇ ಸಾಧ್ಯತೆ. ಪಂಪು ಕೆಟ್ಟಿದ್ದರೆ ಕೋಶ ಉಬ್ಬಬೇಕು, ಮೈ ದುಂಡಗಾಗಬೇಕು, ಕೊನೆಗೆ ಪೊರೆ ಒಡೆಯಬೇಕು. ಇಲ್ಲಿ ಹಾಗಾಗಲಿಲ್ಲ, ಕೋಶಗಳು ಇನ್ನಷ್ಟು ಸಪೂರವಾಗಿಯೇ ಕಂಡವು. ಹಾಗಿದ್ದರೆ ಒಳಗೆ ಬರುವ ನೀರೇ ಕಡಿಮೆಯಾಗಿದೆ, ಹೊರಗಿನ ದ್ರವದಲ್ಲಿ ಏನೋ ಕರಗಿ ಕೂತಿದೆ.

ಅದೇನು ಎಂಬುದು ಅಣುತೂಕ ನೋಡಿದರೆ ತಿಳಿಯುತ್ತದೆ. ಮೀಥೈಲ್ ಸೆಲ್ಯುಲೋಸ್‌ನ ಸರಪಳಿಗೆ ವಿದ್ಯುದಂಶವಿಲ್ಲ, ಅಣುತೂಕ ಹತ್ತಾರು ಸಾವಿರ. 1% ದ್ರಾವಣ ಕೊಡುವ ಆಸ್ಮೋಟಿಕ್ ಹೊರೆ (ನೀರನ್ನು ಸೆಳೆಯುವ ಕರಗಿದ ಕಣಗಳ ಲೆಕ್ಕ, ಲೀಟರಿಗೆ ಇಷ್ಟು ಮಿಲಿಆಸ್ಮೋಲ್ ಎಂದು) 1 ಮಿಲಿಆಸ್ಮೋಲ್‌ಗಿಂತಲೂ ಕಡಿಮೆ, ಲೆಕ್ಕಕ್ಕೇ ಬಾರದು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹಾಗಲ್ಲ, ಅದು ಸೋಡಿಯಂ ಲವಣ. ಪ್ರತಿ ಸಕ್ಕರೆ ಘಟಕಕ್ಕೆ 0.7 ಗುಂಪು ಅಂಟಿದೆ ಎಂದುಕೊಂಡರೂ 1% ದ್ರಾವಣದಲ್ಲಿ ಸೋಡಿಯಂ ಸುಮಾರು 32 ಮಿಲಿಮೋಲಾರ್. ಅದರಲ್ಲಿ ಒಂದು ಪಾಲು ಸರಪಳಿಗೇ ಅಂಟಿಕೊಂಡಿರುತ್ತದೆ, ನಿಜ. ಉಳಿದದ್ದೇ ರಸದಾನಿಯನ್ನು ಮಲಗಿಸಲು ಸಾಕು. ಸಾಲದ್ದಕ್ಕೆ ಅದು ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸೀಲಿಯಾದ (ಈಜಲು ಬಡಿಯುವ ಸಣ್ಣ ರೋಮಗಳ) ಬಡಿತ ಕ್ಯಾಲ್ಸಿಯಂ ಮೇಲೆ ನಿಂತಿರುವುದರಿಂದ ಈಜುವ ರೀತಿಯೂ ವಿಚಿತ್ರವಾಗುತ್ತದೆ.

ಪುಡಿ ಯಾವುದೆಂದು ಪತ್ತೆ ಮಾಡಲು ಪ್ರಯೋಗಾಲಯ ಬೇಡ. 2% ದ್ರಾವಣವನ್ನು ಟೆಸ್ಟ್ ಟ್ಯೂಬಿನಲ್ಲಿ ಹಾಕಿ ಬಿಸಿನೀರಲ್ಲಿ ಇಳಿಬಿಡಿ. ಮೀಥೈಲ್ ಸೆಲ್ಯುಲೋಸ್ ಆದರೆ ಬಿಸಿಯೇರಿದಂತೆ ಮಸುಕಾಗಿ ಹೆಪ್ಪುಗಟ್ಟುತ್ತದೆ, ತಣ್ಣಗಾದರೆ ಮತ್ತೆ ತಿಳಿಯಾಗಿ ಹರಿಯುತ್ತದೆ. ಕಾರ್ಬಾಕ್ಸಿಮೀಥೈಲ್ ಬಿಸಿಗೆ ತೆಳ್ಳಗಾಗುತ್ತದೆ ಅಷ್ಟೇ, ಹೆಪ್ಪುಗಟ್ಟುವುದಿಲ್ಲ. ನಮ್ಮ ಬಾಟಲಿಯದ್ದು ನೀರಿನ ಹಾಗೆ ತೆಳ್ಳಗಾಯಿತು.

ಅಸಲಿ ಪುಡಿ ಬಂದ ಮೇಲೆ ಲೋಳೆ ಮಾಡುವ ಕ್ರಮ: 100 ಮಿಲಿಲೀಟರಿಗೆ 2 ಗ್ರಾಂ. ನೀರಿನ ಮೂರನೇ ಒಂದು ಪಾಲನ್ನು 80 ಡಿಗ್ರಿಗೆ ಕಾಯಿಸಿ, ಕಲಕುತ್ತಲೇ ಪುಡಿ ಉದುರಿಸಬೇಕು. ತಣ್ಣೀರಿಗೆ ನೇರ ಸುರಿದರೆ ಗಂಟುಕಟ್ಟಿ ಹೊರಪದರ ಲೋಳೆಯಾಗಿ ಒಳಗೆ ಒಣಪುಡಿ ಉಳಿಯುತ್ತದೆ, ಎಷ್ಟು ಕಲಕಿದರೂ ಜಗ್ಗದು. ಆಮೇಲೆ ಮಿಕ್ಕ ನೀರನ್ನು ಐಸ್‌ನಂತೆ ತಣ್ಣಗಿರುವಾಗಲೇ ಸೇರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಗುಳ್ಳೆಗಳೂ ಅಷ್ಟರಲ್ಲಿ ಮೇಲೇರಿ ಹೋಗುತ್ತವೆ. ಸ್ನಿಗ್ಧತೆಯ ಗ್ರೇಡ್ ಬರೆಯದ ಪೊಟ್ಟಣ ಕೊಳ್ಳಬೇಡಿ. ಒಂದೇ 2% ನೀರಾಗಿಯೂ ಇರಬಹುದು, ಅಂಟಾಗಿಯೂ ಇರಬಹುದು.

ಹೊರಗಿನ ದ್ರವವನ್ನು ಬೇಕೆಂದೇ ಸಾಂದ್ರ ಮಾಡಿ ರಸದಾನಿಯ ಬಡಿತ ನೋಡುವ ಸುಕ್ರೋಸ್ (ಸಕ್ಕರೆ) ಪರೀಕ್ಷೆಗೆ ಇನ್ನೊಂದು ಎಚ್ಚರ. 50 ಮಿಲಿಮೋಲಾರ್ ಸುಕ್ರೋಸ್‌ನಲ್ಲಿರುವ ಹನಿಗೆ ಸಾದಾ ಲೋಳೆಯ ಸಮಪಾಲು ಬೆರೆಸಿದರೆ ಸಕ್ಕರೆ ಅಲ್ಲೇ ಅರ್ಧಕ್ಕಿಳಿಯುತ್ತದೆ. ಲೋಳೆಯನ್ನೂ ಅದೇ ಸಕ್ಕರೆ ನೀರಿನಲ್ಲೇ ಮಾಡಿಕೊಳ್ಳಿ. 17.1 ಗ್ರಾಂ ಸುಕ್ರೋಸ್ ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿದರೆ 0.5 ಮೋಲಾರ್ ಸ್ಟಾಕ್; ಹತ್ತುಪಟ್ಟು ತೆಳು ಮಾಡಿದರೆ ಮುಗಿಯಿತು, ಗ್ರಾಮಿನ ಚೂರುಪಾರು ತೂಗುವ ಕಷ್ಟವಿಲ್ಲ. ಸ್ಟಾಕ್ ಫ್ರಿಜ್ಜಿನಲ್ಲಿರಲಿ, ತೆಳು ಮಾಡಿದ್ದನ್ನು ಅಂದಂದಿಗೇ ಬಳಸಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಹಬ್ಬ ಮಾಡುತ್ತವೆ.

ಇಷ್ಟಾದ ಮೇಲೂ ಸುಕ್ರೋಸ್ ಸ್ಲೈಡುಗಳಲ್ಲಿ ಮಾತ್ರ ಬಡಿತ ನಿಮಿಷ ನಿಮಿಷಕ್ಕೂ ನಿಧಾನ, ಸಾದಾ ಸ್ಲೈಡಿನಲ್ಲಿ ಬಡಿತ ಬದಲಾಗುತ್ತಿರಲಿಲ್ಲ. ಇದು ಆವಿಯ ಆಟ. 22 ಮಿಲಿಮೀಟರ್ ಚದರದ ಕವರ್‌ಸ್ಲಿಪ್ಪಿನಡಿ 50 ಮೈಕ್ರೋಮೀಟರ್ ದಪ್ಪದ ನೀರೆಂದರೆ ಬರೀ 24 ಮೈಕ್ರೋಲೀಟರ್. ಅದರ ಕಾಲುಪಾಲು ಆರಿದರೆ 10 ಮಿಲಿಆಸ್ಮೋಲ್‌ನ ಕಲ್ಚರ್ ನೀರು 13 ಆಗುತ್ತದೆ, ಕೋಶ ಗಮನಿಸುವುದೂ ಇಲ್ಲ. 50 ಮಿಲಿಮೋಲಾರ್ ಸುಕ್ರೋಸ್ ಸೇರಿ 60 ಇದ್ದದ್ದು ಮಾತ್ರ 80 ಆಗುತ್ತದೆ. ಜೊತೆಗೆ ಕವರ್‌ಸ್ಲಿಪ್ ಕೆಳಗಿಳಿದು ಕೋಶವನ್ನು ಅಪ್ಪಚ್ಚಿ ಮಾಡುತ್ತದೆ. ಚಪ್ಪಟೆಯಾದ ರಸದಾನಿ ಮೇಲಿನಿಂದ ಅಗಲವಾಗಿ ಕಾಣುತ್ತದೆ, ಗೋಳವೆಂದು ಲೆಕ್ಕ ಹಾಕಿದರೆ ಗಾತ್ರ ಸುಳ್ಳಾಗುತ್ತದೆ.

ಮದ್ದು: ಮೊಂಡು ಸೂಜಿಯ ಸಿರಿಂಜಿನಿಂದ ನಾಲ್ಕೂ ಅಂಚಿಗೆ ವ್ಯಾಸಲೀನ್ ಗೆರೆ, ಒಳಗೆ ಒಂದು ಗಾಳಿಗುಳ್ಳೆ. ಗುಳ್ಳೆ ಬಿಡದಿದ್ದರೆ ಆಮ್ಲಜನಕ ಮುಗಿಯುತ್ತದೆ. ಕೋಶಗಳೆಲ್ಲ ಗುಳ್ಳೆಯ ಸುತ್ತ ಮುತ್ತಿಕೊಂಡವೆಂದರೆ ಆ ಸ್ಲೈಡು ಎಸೆಯುವ ಹೊತ್ತಾಯಿತು. ಹ್ಯಾಲೊಜನ್ ದೀಪದವರು ಅಳತೆಯ ನಡುವೆ ಬೆಳಕು ತಗ್ಗಿಸಿ, ಬಿಸಿಯೇರಿದರೆ ಬಡಿತವೂ ಏರುತ್ತದೆ.

ಮುಂದಿನ ಪ್ರಯೋಗಕ್ಕೆ ಈಗಲೇ ಕೈ ತುರಿಸುತ್ತಿದೆ. 3 ಗ್ರಾಂ ಯೀಸ್ಟ್, 30 ಮಿಲಿಗ್ರಾಂ ಕಾಂಗೋ ರೆಡ್ ಎಂಬ ಬಣ್ಣ, 10 ಮಿಲಿಲೀಟರ್ ನೀರು, 10 ನಿಮಿಷ ಸಣ್ಣ ಕುದಿ. ಆ ಕೆಂಪು ಯೀಸ್ಟ್ ತಿಂದ ಪ್ಯಾರಮೀಸಿಯಮ್‌ನ ಆಹಾರ ರಸದಾನಿ ಆಮ್ಲೀಯವಾದಂತೆ ನೀಲಿಗೆ ತಿರುಗುತ್ತದೆ, ಸುತ್ತಲಿನ ಕೋಶರಸ ಮಾತ್ರ ತನ್ನ ಪಿಎಚ್ ಬಿಟ್ಟುಕೊಡುವುದಿಲ್ಲ. ಹಿಟ್ಟಿನಂತೆ ಮುದ್ದೆಯಾಗುವ ಯೀಸ್ಟನ್ನು ಬಿಡಿಬಿಡಿ ಮಾಡುವುದೇ ಅಲ್ಲಿನ ತಲೆನೋವು.

ಅದಕ್ಕೂ ಮುಂಚೆ ಇದರದ್ದೇ ಒಂದು ಬಾಕಿ ಇದೆ. ಸಕ್ಕರೆ ನೀರಿನಲ್ಲಿ ಹೊತ್ತು ಕಳೆದರೆ ಕೋಶ ತನ್ನೊಳಗಿನ ಸಾಂದ್ರತೆಯನ್ನೇ ಏರಿಸಿಕೊಳ್ಳುತ್ತದೆ, ನೀರು ಮತ್ತೆ ಒಳಬರುತ್ತದೆ, ಬಡಿತ ಚೇತರಿಸಿಕೊಳ್ಳುತ್ತದೆ. ಸ್ಲೈಡಿನ ಮೇಲೆ ಅಷ್ಟು ಹೊತ್ತು ಕಾಯಲಾಗದು. ಹಾಗಾಗಿ ಕಲ್ಚರನ್ನೇ ಮುಚ್ಚಳದ ಸೀಸೆಯಲ್ಲಿ 50 ಮಿಲಿಮೋಲಾರ್ ಸುಕ್ರೋಸ್‌ಗೆ ಹಾಕಿಟ್ಟು, ಮೊದಲು ಗಂಟೆಗೊಮ್ಮೆ, ಆಮೇಲೆ ಮರುದಿನ ಬೆಳಗ್ಗೆ ಹನಿ ತೆಗೆದು ಅಳೆಯಬೇಕು. ಪ್ರತಿ ಸಲ ಒಂದೇ ತುದಿಯ ರಸದಾನಿಯನ್ನೇ ಹಿಡಿಯಿರಿ, ಎರಡರ ಲಯ ಒಂದೇ ಅಲ್ಲ.