ಅದು ಸಾಸಿವೆ ಅಲ್ಲ ಟೀಚರ್

"ಅದು ಸಾಸಿವೆ ಅಲ್ಲ ಟೀಚರ್. ಅಜ್ಜ ಹೇಳಿದ್ದಾರೆ."

ಸೋಮವಾರದಿಂದ ಈ ಮಾತು ನನ್ನನ್ನು ಬಿಡುತ್ತಿಲ್ಲ. ಬಸ್ಸಿನಲ್ಲಿ ಕೂತರೂ ಅದೇ. ರಾತ್ರಿ ಅನ್ನಕ್ಕೆ ನೀರಿಟ್ಟು ಒಲೆ ಮುಂದೆ ನಿಂತರೂ ಅದೇ. ಹೇಳಿದವನು ನಮ್ಮ ಏಳನೇ ಕ್ಲಾಸಿನ ಹುಡುಗ. ಹಠ ಮಾಡಿ ಹೇಳಿದ್ದಲ್ಲ, ಎದುರು ಮಾತಾಡಿದ್ದೂ ಅಲ್ಲ. ಗೊತ್ತಿರುವ ವಿಷಯವನ್ನು ಹೇಳುವ ಹಾಗೆ ಮೆಲ್ಲಗೆ ಹೇಳಿದ. ನಾನು ಕೊಟ್ಟ ಉತ್ತರವೇ ಈಗ ನನಗೆ ಚುಚ್ಚುತ್ತಿರುವುದು. "ಇಂಟರ್ನೆಟ್‌ನಲ್ಲಿ ಸಾಸಿವೆ ಅಂತಲೇ ಇದೆಯಲ್ಲ? ಅದನ್ನೇ ಬರಿ" ಅಂದೆ. ಅವನು ಬರೆಯಲಿಲ್ಲ. ಪೆನ್ಸಿಲ್ ಹಿಡಿದು ಸುಮ್ನೆ ಕೂತ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಕನ್ನಡ ಶಾಲೆ. ಸಮಾಜ ವಿಜ್ಞಾನಕ್ಕೆ ಈ ಸಲ ಒಂದು ಕೆಲಸ ಕೊಟ್ಟಿದ್ದೆ. ನಾಲ್ಕು ನಾಲ್ಕು ಮಕ್ಕಳ ಗುಂಪು, ಗುಂಪಿಗೆ ಒಂದು ಹೊರದೇಶ. ಲ್ಯಾಬಿನ ಲ್ಯಾಪ್‌ಟಾಪ್‌ನಲ್ಲಿ ಹುಡುಕಬೇಕು, ಇಂಪ್ರೆಸ್‌ನಲ್ಲಿ ಸ್ಲೈಡ್ ಮಾಡಬೇಕು, ಬುಧವಾರ ಪ್ರೊಜೆಕ್ಟರ್ ಹಾಕಿ ಎಲ್ಲರ ಮುಂದೆ ಹೇಳಬೇಕು. ಮಕ್ಕಳು ಕುಣಿದರು. ದುಬೈ ಇರುವ ದೇಶಕ್ಕೆ ಎರಡು ಗುಂಪು ಜಗಳ. ಯಾಕೆ ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಫುಟ್ಬಾಲ್ ಹುಚ್ಚಿನವರು ಬ್ರೆಜಿಲ್ ಹಿಡಿದರು. ಹಿಮ ನೋಡುವ ಆಸೆಗೆ ಸ್ವಿಜರ್ಲೆಂಡ್, ರೈಲಿಗಾಗಿ ಜಪಾನ್.

ಈ ಹುಡುಗನ ಗುಂಪು ಮಾತ್ರ ಪಪುವಾ ನ್ಯೂ ಗಿನಿ ಅಂದಿತು. ಅವನು ಹುಡುಕಿದ್ದು ದೇಶವನ್ನಲ್ಲ. "ಅಡಿಕೆ ತಿನ್ನುವ ದೇಶಗಳು" ಅಂತ ಟೈಪ್ ಮಾಡಿದ್ದಾನೆ. ಮನೆಯಲ್ಲಿ ಅಡಿಕೆ ತೋಟ, ಅದರಿಂದಲೇ ಅವರ ಊಟ. ಅಲ್ಲಿಂದ ಈ ದೇಶ ಸಿಕ್ಕಿದೆ. "ಫ್ರಾನ್ಸ್ ಮಾಡೋ, ವಿಷಯ ಜಾಸ್ತಿ ಸಿಗುತ್ತದೆ" ಅಂತ ನಾನೂ ಒಮ್ಮೆ ಹೇಳಿ ನೋಡಿದೆ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಯು.ಎಸ್.ಎಸ್. ಸ್ಕಾಲರ್‌ಶಿಪ್ ಪರೀಕ್ಷೆಗೆ ಬರುವ ವಿಷಯವಾ ಇದು?" ಅಂತ ಕೇಳಿದರು. ಒಳ್ಳೆಯ ಮನುಷ್ಯ, ಪಾಠವೂ ಚೆನ್ನಾಗಿ ಮಾಡುತ್ತಾರೆ. ಆದರೆ ಪರೀಕ್ಷೆಗೆ ಬಾರದ್ದು ಯಾವುದೂ ಅವರ ಕಣ್ಣಿಗೆ ಬೀಳುವುದಿಲ್ಲ. ಅದು ನನಗೆ ಬೇಸರ.

ಕನ್ನಡದಲ್ಲಿ ಆ ದೇಶದ ಬಗ್ಗೆ ಅವರಿಗೆ ಸಿಕ್ಕಿದ್ದು ಸ್ವಲ್ಪ. ಇಂಗ್ಲಿಷ್ ಪುಟ ತೆಗೆದು ಅನುವಾದದ ಬಟನ್ ಒತ್ತಿದರು. ಟೈಪ್ ಮಾಡಿ ಸಾಕಾದಾಗ ನನ್ನ ಮೊಬೈಲ್ ಕೇಳಿ, ಬಾಯಲ್ಲಿ ಹೇಳಿ ಬರೆಸಿದರು. ಅಡಿಕೆಗೆ ಬರುವ "ಕೊಳೆ ರೋಗ" ಅಂದರೆ ಅದು "ಕೋಳಿ ರೋಗ" ಅಂತ ಬರೆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಆಮೇಲೆ ಕೈಯಲ್ಲೇ ತಿದ್ದಿದರು. ಕೋಳಿ ಸಿಕ್ಕಿಬಿತ್ತು. ಸಾಸಿವೆ ಸಿಕ್ಕಿಬೀಳಲಿಲ್ಲ.

ಅಲ್ಲಿಯ ಜನ ಅಡಿಕೆಗೆ ಬುವಾಯ್ ಅನ್ನುತ್ತಾರೆ. ನಮ್ಮ ಹಾಗೆ ಒಣಗಿಸಿ ಇಡುವುದಿಲ್ಲ, ಹಸಿ ಕಾಯಿಯನ್ನೇ ಹಲ್ಲಿನಲ್ಲಿ ಸಿಪ್ಪೆ ಬಿಡಿಸಿ ತಿನ್ನುತ್ತಾರೆ. ಜೊತೆಗೆ ಸುಣ್ಣ ಬೇಕು. ಚಿಪ್ಪು, ಹವಳ ಸುಟ್ಟು ಮಾಡಿದ ಸುಣ್ಣ. ಮೂರನೆಯದಾಗಿ ಬೇಕಾದದ್ದಕ್ಕೆ ಅವರ ಭಾಷೆಯಲ್ಲಿ ದಾಕಾ ಅಂತ ಹೆಸರು. ಅಲ್ಲಿಯ ಇಂಗ್ಲಿಷ್‌ನಲ್ಲಿ ಅದನ್ನು ಮಸ್ಟರ್ಡ್ ಅನ್ನುತ್ತಾರೆ. ಅನುವಾದದಲ್ಲಿ ಅದು ನೇರ ಸಾಸಿವೆ ಆಗಿ ಬಂತು. "ಅಡಿಕೆಯನ್ನು ಸಾಸಿವೆ ಮತ್ತು ಸುಣ್ಣದೊಂದಿಗೆ ಅಗಿಯುತ್ತಾರೆ." ವಾಕ್ಯ ಸರಿಯಾಗಿಯೇ ಇದೆ, ಓದಿದವರಿಗೆ ಸಂಶಯ ಬರುವುದಿಲ್ಲ. ನನಗೆ ಬರಲಿಲ್ಲ.

ಹುಡುಗ ಅದರ ಫೋಟೋವನ್ನು ಅಪ್ಪನ ಮೊಬೈಲ್‌ನಲ್ಲಿ ಅಜ್ಜನಿಗೆ ತೋರಿಸಿದ್ದಾನೆ. ಬೆರಳುದ್ದದ ಹಸಿರು ಕಡ್ಡಿ, ಮೇಲೆಲ್ಲ ಸಣ್ಣ ಸಣ್ಣ ಗಂಟು. ಅಜ್ಜ ನೋಡಿದ ಕೂಡಲೇ, ಇದೆಂಥ ಸಾಸಿವೆ, ಇದು ಬಚ್ಚಿರೆ ಬಳ್ಳಿಯ ಕಾಯಿ ಅಲ್ವಾ ಅಂದರಂತೆ. ಬಚ್ಚಿರೆ ಅಂದರೆ ತುಳುವಿನಲ್ಲಿ ವೀಳ್ಯದೆಲೆ.

ಅಜ್ಜ ಹೇಳಿದ್ದೇ ಸರಿ. ಸೋಮವಾರ ರಾತ್ರಿ ನಾನು ಕೂತು ಹುಡುಕಿದೆ. ಅಲ್ಲಿಯವರು ವೀಳ್ಯದ ಬಳ್ಳಿಯ ಎಲೆಗಿಂತ ಜಾಸ್ತಿ ಅದರ ಕಾಯಿಯನ್ನೇ ಸುಣ್ಣದಲ್ಲಿ ಅದ್ದಿ ಕಚ್ಚುತ್ತಾರೆ. ಖಾರ ಇರುವುದಕ್ಕೋ ಏನೋ, ಇಂಗ್ಲಿಷ್‌ನವರ ಬಾಯಲ್ಲಿ ಅದು ಮಸ್ಟರ್ಡ್ ಆಯಿತು. ಸಾಸಿವೆಗೂ ಅದಕ್ಕೂ ಸಂಬಂಧವೇ ಇಲ್ಲ. ಇಡೀ ಜನ್ಮ ಅಡಿಕೆ ತೋಟದಲ್ಲಿ ಕಳೆದ, ಆ ದೇಶದ ಹೆಸರನ್ನೇ ಕೇಳದ ಒಬ್ಬ ಅಜ್ಜ ಫೋಟೋ ನೋಡಿ ಹೇಳಿದ್ದನ್ನು, ಬಿ.ಎಡ್. ಮಾಡಿದ ನಾನು ಮೆಷಿನ್ನಿನ ಮಾತು ನಂಬಿ ತಳ್ಳಿಹಾಕಿದ್ದೆ. ಅದೂ ಆ ಮಗುವಿನ ಎದುರು. ಅವನ ಅಜ್ಜನಿಗಿಂತ ಪರದೆ ದೊಡ್ಡದು ಅಂತ ಹೇಳಿಕೊಟ್ಟ ಹಾಗೆ ಆಯಿತಲ್ಲ?

ಮಂಗಳವಾರ ಅವನನ್ನು ಕರೆದು, "ಅಜ್ಜ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು" ಅಂದೆ. ಅವನು ಹೂಂ ಅಂದ. ಅವನಿಗೆ ಅದು ಹೊಸ ಸುದ್ದಿ ಆಗಿರಲಿಲ್ಲ.

ಬುಧವಾರ ಮೊದಲು ಸ್ವಿಜರ್ಲೆಂಡ್. ಚಂದದ ಸ್ಲೈಡು, ಹಿಮ ಬೀಳುವ ಹಾಗೆ ಅಕ್ಷರ ಬೀಳುತ್ತದೆ. ಆದರೆ "ಅಲ್ಲಿಯ ಜನ ಯಾವ ಭಾಷೆ ಮಾತಾಡ್ತಾರೆ?" ಅಂದರೆ ನಾಲ್ವರೂ ಪರದೆ ನೋಡಿದರು. ಒಬ್ಬಳ ಅಣ್ಣ ಕಾಲೇಜಿನಲ್ಲಿದ್ದಾನೆ, ಪೂರ್ತಿ ಅವನೇ ಮಾಡಿದ್ದು. ಮಾಡಿಸಿದ್ದು ಅಮ್ಮ. ಮಗಳಿಗೆ ಒಳ್ಳೆಯ ಹೆಸರು ಬರಲಿ ಅಂತಲೇ ಅವರು ಮಾಡಿಸಿದ್ದು, ನನಗೆ ಗೊತ್ತು. ಆದರೂ ಸಿಟ್ಟು ಬಂತು. ಆ ಹುಡುಗಿ ಚುರುಕು. ನಾಲ್ಕು ಭಾಷೆಯ ದೇಶದ ಬಗ್ಗೆ ಅವಳೇ ಹುಡುಕಿದ್ದರೆ ಏನೆಲ್ಲ ತರುತ್ತಿದ್ದಳೋ. ಅವಳ ಕೈಯಿಂದ ಅದನ್ನು ಕಿತ್ತುಕೊಂಡ ಹಾಗಾಯಿತು.

ಆಮೇಲೆ ಇವರ ಸರದಿ. ಮೊದಲು ಬಾವುಟ. ಕೆಂಪು, ಕಪ್ಪು, ಒಂದು ಹಕ್ಕಿ, ಐದು ನಕ್ಷತ್ರ. "ಇದನ್ನು ಬಿಡಿಸಿದ್ದು ಶಾಲೆಗೆ ಹೋಗುವ ಹುಡುಗಿ" ಅಂತ ಶುರು ಮಾಡಿದರು. 1971ರಲ್ಲಿ ಸ್ಪರ್ಧೆ ಇಟ್ಟಾಗ ಗೆದ್ದವಳು 15 ವರ್ಷದ ಸುಸಾನ್ ಕರೀಕೆ. ದೇಶ ಸ್ವತಂತ್ರ ಆದದ್ದು 1975ರ ಸೆಪ್ಟೆಂಬರ್ 16ಕ್ಕೆ, ಆಸ್ಟ್ರೇಲಿಯಾದ ಕೈಯಿಂದ. ಬಾವುಟ ಮೊದಲೇ ಬಂದಿತ್ತು. ಹಿಂದಿನ ಬೆಂಚಿನ ಹುಡುಗಿಯರು ಸೆಟೆದು ಕೂತರು.

ಮ್ಯಾಪ್ ಹಾಕಿದಾಗ ಒಂದು ಪ್ರಶ್ನೆ ಬಂತು. ಅದೊಂದು ದೊಡ್ಡ ದ್ವೀಪ, ಅದರ ಪೂರ್ವದ ಅರ್ಧ ಮಾತ್ರ ಈ ದೇಶದ್ದು. ಪಶ್ಚಿಮದ ಅರ್ಧ ಇಂಡೋನೇಷ್ಯಾಕ್ಕೆ ಸೇರಿದ್ದು. ಮಧ್ಯದ ಗಡಿ ಸ್ಕೇಲ್ ಇಟ್ಟು ಎಳೆದ ಹಾಗಿದೆ, ಫ್ಲೈ ಅನ್ನುವ ನದಿಯ ಹತ್ತಿರ ಮಾತ್ರ ಸ್ವಲ್ಪ ಬಾಗಿದೆ. "ಗೆರೆಯ ಹತ್ತಿರ ಮನೆ ಇರುವ ಮಕ್ಕಳು ಯಾವ ಭಾಷೆಯಲ್ಲಿ ಕಲಿಯುತ್ತಾರೆ?" ಅಂತ ಒಬ್ಬ ಕೇಳಿದ. ಬೇರೆ ಊರಿನ ಏಳನೇ ಕ್ಲಾಸಿನಲ್ಲಿ ಈ ಪ್ರಶ್ನೆ ಬರುತ್ತಿತ್ತೋ ಇಲ್ಲವೋ. 1956ರಲ್ಲಿ ರಾಜ್ಯಗಳ ಗೆರೆ ಎಳೆದು ಕಾಸರಗೋಡು ಕೇರಳಕ್ಕೆ ಹೋದ ಮೇಲೆ ನಮ್ಮ ಊರಿನ ಎಲ್ಲ ಮನೆಗಳಲ್ಲೂ ಇದೇ ಪ್ರಶ್ನೆ. ಗೆರೆಯ ಈಚೆ ಸರಕಾರದ ಭಾಷೆ ಇಂಗ್ಲಿಷ್, ಟೋಕ್ ಪಿಸಿನ್, ಹಿರಿ ಮೋಟು. ಆಚೆ ಇಂಡೋನೇಷ್ಯಾದ ಭಾಷೆ. ಮನೆಯಲ್ಲಿ ಎರಡೂ ಕಡೆ ಬೇರೆ ಬೇರೆ ನೂರಾರು. ಪಪುವಾ ನ್ಯೂ ಗಿನಿ ಒಂದರಲ್ಲೇ 800ಕ್ಕಿಂತ ಜಾಸ್ತಿ ಭಾಷೆ.

800 ಅಂದಾಗ ಕ್ಲಾಸಿನಲ್ಲಿ ಗೌಜಿ. ಆ ಗುಂಪಿನ ಹುಡುಗಿಯೊಬ್ಬಳು ವಂಟೋಕ್ ಅನ್ನುವ ಪದ ಬರೆದುಕೊಂಡಿದ್ದಳು. ಟೋಕ್ ಪಿಸಿನ್‌ನ ಪದ. ಒಂದೇ ಮಾತಿನವರು ಅಂತ ಅರ್ಥ. ನನ್ನ ಭಾಷೆ ಆಡುವವನು ಕಷ್ಟದಲ್ಲಿದ್ದರೆ ನಾನು ಕೈಬಿಡಬಾರದು ಅನ್ನುವುದು ಅಲ್ಲಿಯ ರೂಢಿ. ಕೂಡಲೇ ಎಣಿಕೆ ಶುರುವಾಯಿತು. ನಮ್ಮ ಕ್ಲಾಸಿನ 23 ಮಕ್ಕಳ ಮನೆಮಾತು: ತುಳು ಒಂಬತ್ತು, ಕನ್ನಡ ನಾಲ್ಕು, ಹವ್ಯಕ ಮೂರು, ಮರಾಟಿ ಮೂರು, ಮಲಯಾಳ ಎರಡು, ಬ್ಯಾರಿ ಒಂದು, ಕೊಂಕಣಿ ಒಂದು. ಕೊಂಕಣಿಯ ಹುಡುಗಿ, "ಹಾಗಾದ್ರೆ ನಂಗೆ ಯಾರೂ ಇಲ್ವಾ?" ಅಂದಳು. ಪಕ್ಕದವಳು ಅವಳ ಕೈ ಹಿಡಿದು ಬೆಂಚಿಗೆ ಎಳೆದು ಕೂರಿಸಿದಳು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಉಳಿದಿರಲಿಲ್ಲ.

ಕೂಕ್ ಅನ್ನುವ ಜಾಗದ ಫೋಟೋ ಬಂತು. ಸುಮಾರು 7000 ವರ್ಷದ ಹಿಂದೆಯೇ ಅಲ್ಲಿ ಕೃಷಿ ಇತ್ತು. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಜೌಗು ನೆಲದಲ್ಲಿ ನೀರು ಹೋಗಲಿಕ್ಕೆ ತೋಡಿದ ಸಾಲುಗಳ ಗುರುತು ಸಿಕ್ಕಿದೆ. "ನಮ್ಮ ತೋಟದ ಕಣಿಯ ಹಾಗೆ" ಅಂದ ಹುಡುಗ. ಬೆಳೆಯುತ್ತಿದ್ದದ್ದು ಬಾಳೆ, ಮತ್ತೆ ಟ್ಯಾರೋ. ಸ್ಲೈಡಿನಲ್ಲಿ ಟ್ಯಾರೋ ಅನ್ನುವ ಪದವೇ ಇರಲಿಲ್ಲ. ಅವನು ಕೆಸು ಅಂತ ಬರೆದಿದ್ದ. "ಪತ್ರೊಡೆ ಮಾಡ್ತೇವಲ್ಲ, ಅದೇ" ಅಂತ ಬಾಯಲ್ಲಿ ಸೇರಿಸಿದ. ಎಲ್ಲರಿಗೂ ಆ ದೇಶ ಗೊತ್ತಾಗಿಬಿಟ್ಟಿತು.

ಒಂದು ಸ್ಲೈಡ್ ಮಾತ್ರ ಬೇರೆ ಥರ. ಅಡಿಕೆ ಅಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರ 2004ರ ವರದಿಯಲ್ಲಿ ತಂಬಾಕು ಹಾಕದೆ ಬರೀ ಅಡಿಕೆ ತಿಂದರೂ ಅಪಾಯ ಅಂತ ಇದೆ. ಆ ದೇಶದಲ್ಲಿ ಈ ಕಾಯಿಲೆ ತುಂಬಾ. ಹುಡುಗ ಅದನ್ನು ಬಿಡಬಹುದಿತ್ತು. ಬಿಡಲಿಲ್ಲ. ನೆಲ ನೋಡಿಕೊಂಡು, ಒಂದೊಂದೇ ಪದ ಓದಿದ. ಕ್ಲಾಸಿನಲ್ಲಿ ಅರ್ಧದಷ್ಟು ಮಕ್ಕಳ ಫೀಸು, ಪುಸ್ತಕ, ಮನೆಯ ಸೂರು ಎಲ್ಲ ಅಡಿಕೆಯದ್ದೇ. ಯಾರೂ ಪಿಟಕ್ಕೆನ್ನಲಿಲ್ಲ. ಅಷ್ಟು ಪ್ರಾಮಾಣಿಕವಾಗಿ ಓದಿದ್ದಕ್ಕೆ ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು.

ಕೊನೆಗೆ ದಾಕಾದ ಫೋಟೋ. ಪರದೆಯ ಮೇಲೆ ಅದು ಮೂರು ಅಡಿ ಉದ್ದ ಕಾಣುತ್ತಿತ್ತು. ಹುಡುಗ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದ. ಬಾಳೆಲೆಯ ತುಂಡು, ಬಾಳೆನಾರಿನ ಕಟ್ಟು. ಬಿಚ್ಚಿದರೆ ಒಳಗೆ ಎರಡು ಹಸಿರು ಕಡ್ಡಿ. ಒಂದು ಸ್ವಲ್ಪ ಬಾಗಿತ್ತು, ತುದಿ ಕಪ್ಪಾಗಿತ್ತು. ಹಳೇ ಬಳ್ಳಿ ಮರದ ಮೇಲೆ ತುಂಬಾ ಎತ್ತರಕ್ಕೆ ಹೋದರೆ ಒಮ್ಮೊಮ್ಮೆ ಬಿಡುತ್ತದಂತೆ. ಅಜ್ಜ ಮಂಗಳವಾರ ಸಂಜೆ ತೋಟವೆಲ್ಲ ಸುತ್ತಿ, ಏಣಿ ಇಟ್ಟು, ಕೆಳಗಿನಿಂದ ಅಪ್ಪ ಬೈಯುತ್ತಿದ್ದರೂ ಹತ್ತಿ ಕೊಯ್ದು ಕೊಟ್ಟಿದ್ದಾರೆ.

ಕಡ್ಡಿ ಕೈಯಿಂದ ಕೈಗೆ ಹೋಯಿತು. ಮೂಸಿದರು, ಉಗುರಿನಲ್ಲಿ ಗೀರಿದರು. ಒಬ್ಬ ನೆಕ್ಕಿಯೂ ನೋಡಿದ. ನನ್ನ ಕೈಗೆ ಬಂದಾಗ ಅದು ಬೆಚ್ಚಗಿತ್ತು. ಮೂಗಿಗೆ ಹಿಡಿದೆ. ಕಾಳುಮೆಣಸೂ ಅಲ್ಲ, ಎಲೆಯೂ ಅಲ್ಲ, ಎರಡರ ನಡುವಿನ ಒಂದು ಘಾಟು. "ಅವರು ಬುವಾಯ್ ಅಂತಾರೆ, ನಾವು ಬಜ್ಜೈ ಅಂತೇವೆ" ಅಂತ ಹುಡುಗ ಹೇಳುತ್ತಿದ್ದ. ಅದು ಕೇಳಲಿಕ್ಕೆ ಒಂದೇ ಥರ ಇದೆ ಅಷ್ಟೇ, ನೆಂಟಸ್ತಿಕೆ ಅಲ್ಲ ಅಂತ ಅವನಿಗೆ ಹೇಳಿದ್ದೆ. ಅದನ್ನೂ ಅವನು ಕ್ಲಾಸಿಗೆ ಸರಿಯಾಗಿಯೇ ಹೇಳಿದ.

ಆ ಹೊತ್ತಿಗೆ ಅಲ್ಲಿ ಎಷ್ಟು ಗಂಟೆ ಅಂತ ಯಾರೋ ಕೇಳಿದರು. ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ನಮಗೆ ಹನ್ನೊಂದು, ಅವರಿಗೆ ಮೂರೂವರೆ. "ಅವರ ಶಾಲೆ ಬಿಟ್ಟಿರಬಹುದು" ಅಂತ ಮಕ್ಕಳೇ ತೀರ್ಮಾನ ಮಾಡಿದರು.

ಬೆಲ್ ಹೊಡೆದ ಮೇಲೆ ಹುಡುಗ ಮೇಜಿನ ಹತ್ತಿರ ಬಂದ. ನೋಟ್ ಪುಸ್ತಕದ ಕೊನೆಯ ಪುಟ ತೆಗೆದು ತೋರಿಸಿದ. ದೊಡ್ಡ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ದ.

"ಅಜ್ಜ ಕೇಳ್ಲಿಕ್ಕೆ ಹೇಳಿದ್ದಾರೆ ಟೀಚರ್. ಅಲ್ಲಿ ಅಡಿಕೆ ಮರ ಹತ್ಲಿಕ್ಕೆ ಜನ ಸಿಗ್ತಾರಾ ಅಂತ."

ಶುಕ್ರವಾರ ಕೊನೆಯ ಪಿರಿಯಡ್ ಲ್ಯಾಬ್ ಖಾಲಿ ಇದೆ. ಕೂತು ಹುಡುಕೋಣ ಅಂದಿದ್ದೇನೆ.