ಅನಂತಪುರದಿಂದ ಸೀತಾಂಗೋಳಿಗೆ

ನಾನು ಹುಟ್ಟಿದ್ದು ಭಾದ್ರಪದ ಶುಕ್ಲ ಚತುರ್ದಶಿಯಂದು, ಅನಂತನ ನೋಂಪಿನ ದಿನ. ಅಜ್ಜಿ ಹದಿನಾಲ್ಕು ಗಂಟಿನ ಕೆಂಪು ದಾರವನ್ನು ಕಲಶದ ಮುಂದಿಟ್ಟು ಕೈಮುಗಿಯುತ್ತಿದ್ದ ಹೊತ್ತಿಗೆ ಸುದ್ದಿ ಬಂತಂತೆ. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕನಿಗೆ ಸೀತಾ ಎಂದು ಹೆಸರಿಟ್ಟವಳು ಅಮ್ಮ. ಯಾಕೆಂದು ಕೇಳಿದರೆ, “ದೂರದಿಂದ ಕೂಗುವುದಕ್ಕೆ ಚೆನ್ನಾಗಿದೆ” ಎನ್ನುತ್ತಿದ್ದಳು.

ನಾಲ್ಕು ವರ್ಷಗಳ ಹಿಂದೆ ನಮ್ಮ ಚಾರಣದ ಬಳಗದಲ್ಲಿ ಒಂದು ಪಂಥ ಕಟ್ಟಿಕೊಂಡೆವು. ಅವರವರ ಹೆಸರು ಹೊತ್ತ ಊರುಗಳನ್ನು ಅವರವರೇ ಹುಡುಕಿಕೊಂಡು ಹೋಗಬೇಕು. ಹೆಸರು ಭೂಪಟದಲ್ಲೋ ಊರಿನ ಫಲಕದಲ್ಲೋ ಇರಬೇಕು, ಮನೆಯ ಹೆಸರು ನಡೆಯದು. ಊರಿನ ಬಾಗಿಲವರೆಗೆ ವಾಹನದಲ್ಲಿ ಹೋಗಿ ಇಳಿಯುವಂತಿಲ್ಲ, ಕೊನೆಯ ನಾಲ್ಕೈದು ಕಿಲೋಮೀಟರ್ ನಡೆದೇ ಮುಗಿಸಬೇಕು. ಇವಕ್ಕೆ ಇನ್ನೊಂದು ಕಟ್ಟಳೆಯನ್ನು ಹಟ ಹಿಡಿದು ಸೇರಿಸಿದವನು ನಾನು: ಆ ಹೆಸರನ್ನು ಊರಿನವರ ಬಾಯಿಂದ ಕೇಳಿದ ಮೇಲೆಯೇ ಊರು ಲೆಕ್ಕಕ್ಕೆ ಬರುವುದು. ಫಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಮರಳುವ ಬಸ್ಸು ಹತ್ತಿದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ಮೊದಲು ಹೋದದ್ದು ಆಂಧ್ರದ ಅನಂತಪುರಕ್ಕೆ. 1882ರವರೆಗೆ ಅದು ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ರಾಯದುರ್ಗದ ಕಡೆಗೆ ಹೋದರೆ ಇಂದಿಗೂ ಕನ್ನಡ ಕಿವಿಗೆ ಬೀಳುತ್ತದೆ. ವಿಜಯನಗರದ ಕಾಲದ ಅನಂತಸಾಗರವೆಂಬ ಕೆರೆಯಿಂದ ಊರಿಗೆ ಆ ಹೆಸರು ಬಂದಿದೆ. ಕೆರೆಯ ಆಚೆಗಿರುವ ಬುಕ್ಕರಾಯಸಮುದ್ರದಿಂದ ಬಿಸಿಲಿನಲ್ಲಿ ನಡೆದು ಊರು ಸೇರಿದೆ. ಕಡಲೆಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು “ಅನಂತಪುರಂ ಇದೇ” ಎಂದಳು. ಅಷ್ಟಾಯಿತು. ಆದರೆ ನನ್ನ ಮನಸ್ಸು ನೆಟ್ಟಿದ್ದು ಕಾಸರಗೋಡಿನ ಅನಂತಪುರದಲ್ಲಿ. ಭೂಪಟ ಬಿಡಿಸಿ ನೋಡಿದಾಗ ಅದರ ಮಗ್ಗುಲಲ್ಲೇ ಸೀತಾಂಗೋಳಿ ಕಂಡಿತು. ಅಕ್ಕನಿಗೆ ಫೋನು ಮಾಡಿದೆ. “ಎಷ್ಟು ನಡೆಯಬೇಕು?” ಎಂದು ಮಾತ್ರ ಕೇಳಿ ಒಪ್ಪಿಕೊಂಡಳು.

ಅಮ್ಮನ ತವರು ನೀರ್ಚಾಲು. ಚಿಕ್ಕವರಿದ್ದಾಗ ಪುತ್ತೂರಿನಿಂದ ಪೆರ್ಲ, ಬದಿಯಡ್ಕದ ದಾರಿಯಾಗಿ ಹೋಗಿ ನೀರ್ಚಾಲಿನಲ್ಲಿ ಇಳಿದುಬಿಡುತ್ತಿದ್ದೆವು. ಸೀತಾಂಗೋಳಿ ಅದೇ ರಸ್ತೆಯಲ್ಲಿ ಮುಂದೆ ಕುಂಬಳೆಯ ಕಡೆಗಿದೆ. ಇಷ್ಟು ಹತ್ತಿರವಿದ್ದೂ ಅಕ್ಕ ತನ್ನ ಹೆಸರಿನ ಊರನ್ನು ನೋಡಿರಲಿಲ್ಲ.

ನನ್ನ ಹುಟ್ಟುಹಬ್ಬ ಕಳೆದ ಮೊದಲ ಭಾನುವಾರ ಮಂಗಳೂರಿನಿಂದ ಬೆಳಗಿನ ರೈಲು ಹಿಡಿದು ಕುಂಬಳೆಯಲ್ಲಿ ಇಳಿದೆವು. ಕಣಿಪುರ ಗೋಪಾಲಕೃಷ್ಣನಿಗೆ ಕೈಮುಗಿದು ಹೊರಟೆವು. ತೆಂಕುತಿಟ್ಟಿನ ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟ ಊರು ಇದು. ಅನಿಲ್ ಕುಂಬ್ಳೆಯ ಹೆಸರಿನಲ್ಲಿರುವುದೂ ಇದೇ ಊರು. ಈ ಸೀಮೆಯಲ್ಲಿ ಮನುಷ್ಯರು ಊರನ್ನು ಹೆಸರಿನ ಜೊತೆಗೆ ಹೊತ್ತುಕೊಂಡು ಎಲ್ಲೆಲ್ಲಿಗೋ ಹೋಗುತ್ತಾರೆ. ನಾವು ಹೆಸರನ್ನು ಹೊತ್ತುಕೊಂಡು ಊರಿಗೆ ಹೊರಟಿದ್ದೆವು.

ನಾಯ್ಕಾಪಿನ ಅಂಗಡಿಯೊಂದರಲ್ಲಿ ಚಹಾ ಕುಡಿದೆವು. “ಎಲ್ಲಿಗೆ ಅಣ್ಣ?” ಎಂದ ಅಂಗಡಿಯವನಿಗೆ “ಅನಂತಪುರಕ್ಕೆ” ಎಂದೆ. ಅವನು ಒಳಗಿದ್ದ ಹುಡುಗನನ್ನು ತುಳುವಿನಲ್ಲಿ ವಿಚಾರಿಸಿದ, “ಅನಂತಪುರೊಗು” ಎಂಬುದು ನನಗೆ ಕೇಳಿಸಿತು. ಹುಡುಗ ಹೊರಗೆ ನಿಂತಿದ್ದ ಆಟೋದವನನ್ನು ಮಲಯಾಳದಲ್ಲಿ ಕೇಳಿದ, ಅಲ್ಲಿ ಅದು “ಅನಂತಪುರಂ” ಆಯಿತು. ಕೊನೆಗೆ ಅಂಗಡಿಯವನು ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಮಳೆಗೆ ಕಾಲುದಾರಿ ಜಾರುತ್ತದೆ, ಟಾರು ರಸ್ತೆಯಲ್ಲೇ ಹೋಗಿ” ಎಂದ. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ನನ್ನ ಹೆಸರು ಮೂರು ಭಾಷೆಗಳನ್ನು ದಾಟಿ ಬಂದಿತ್ತು.

2021ರಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನು ಬದಲಿಸುತ್ತಾರೆ, ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಕೇರಳ ಸರಕಾರ ಅದನ್ನು ಅಲ್ಲಗಳೆಯಿತು. ಆ ದಿನಗಳಲ್ಲಿ ನೀರ್ಚಾಲಿನ ಮಾವ ಫೋನಿನಲ್ಲಿ ಪಟ್ಟ ಸಂಕಟ ನನಗೆ ಮರೆತಿಲ್ಲ. ಆಡುವವರು ತಮ್ಮ ತಮ್ಮ ಮಾತಿನಲ್ಲಿ ಒಂದೇ ಊರನ್ನು ಬೇರೆ ಬೇರೆಯಾಗಿ ಕರೆದರೆ ಊರಿಗೆ ಏನೂ ಕೊರೆಯಾಗುವುದಿಲ್ಲ. ಫಲಕದ ಮೇಲೆ ಒಂದನ್ನೇ ಉಳಿಸಿ ಮಿಕ್ಕದ್ದನ್ನು ಅಳಿಸಿದರೆ ಮಾತ್ರ ನೋವಾಗುತ್ತದೆ. ನಾಯ್ಕಾಪಿನ ಅಂಗಡಿಯಲ್ಲಿ ಆ ಮೂರೂ ಉಸಿರಾಡುತ್ತಿದ್ದವು.

ರಸ್ತೆ ಏರುತ್ತ ಮುರಕಲ್ಲಿನ ಹಾಸಿಗೆ ತಲುಪುತ್ತದೆ. ಬೇಸಿಗೆಯಲ್ಲಿ ಕಾದ ಬಾಣಲೆಯಂತಿರುವ ಈ ಬಯಲು ಭಾದ್ರಪದದಲ್ಲಿ ಬೇರೆಯೇ ಆಗಿರುತ್ತದೆ. ಕಲ್ಲಿನ ತಗ್ಗುಗಳಲ್ಲೆಲ್ಲ ಅಂಗೈಯಾಳದ ನೀರು, ಅಂಚಿನಲ್ಲಿ ಮುಳಿಹುಲ್ಲು, ನಡುವೆ ಉಗುರಿನಷ್ಟು ಚಿಕ್ಕ ನೀಲಿ ಹೂಗಳು. ಮಲಯಾಳಿಗಳು ಕಾಕ್ಕಪೂವು ಎನ್ನುತ್ತಾರೆ, ಓಣಂ ರಂಗೋಲಿಗೆ ಬಳಸುತ್ತಾರೆ. ಅಕ್ಕ ನಿವೃತ್ತ ವಿಜ್ಞಾನ ಶಿಕ್ಷಕಿ. ಮೊಣಕಾಲೂರಿ ಕುಳಿತು ಒಂದು ಗಿಡವನ್ನು ನೀರಿನಿಂದ ಮೆಲ್ಲನೆ ಎತ್ತಿದಳು. ಕೂದಲೆಳೆಯಂಥ ದಂಟಿನ ಬುಡದಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿದ್ದವು. ಸಾರವಿಲ್ಲದ ಕಲ್ಲಿನ ಮೇಲೆ ಬದುಕಬೇಕಲ್ಲ, ಅದಕ್ಕೆ ನೀರಿನ ಸೂಕ್ಷ್ಮ ಜೀವಿಗಳನ್ನು ಈ ಚೀಲಗಳೊಳಗೆ ಹೀರಿಕೊಳ್ಳುತ್ತದೆ ಎಂದು ವಿವರಿಸಿ, ಗಿಡವನ್ನು ಇದ್ದಲ್ಲೇ ಮತ್ತೆ ಇಳಿಬಿಟ್ಟಳು.

ಇಷ್ಟು ಬಯಲಿನ ನಡುವೆ ಕೆರೆಯಿದೆ ಎಂದರೆ ನಂಬುವುದು ಕಷ್ಟ. ಹತ್ತಿರ ಹೋಗುವವರೆಗೆ ಅದು ಕಾಣುವುದಿಲ್ಲ. ಆಮೇಲೆ ನೆಲ ಒಮ್ಮೆಲೆ ತಗ್ಗಾಗಿ, ಹಸಿರು ನೀರಿನ ನಡುವೆ ಗರ್ಭಗುಡಿ, ಅದಕ್ಕೊಂದು ಕಿರಿದಾದ ಸೇತುವೆ ಕಣ್ಣಿಗೆ ಬೀಳುತ್ತವೆ. ತಿರುವನಂತಪುರದಲ್ಲಿ ಮಲಗಿರುವ ಪದ್ಮನಾಭ ಇಲ್ಲಿ ಅನಂತನ ಮೇಲೆ ಕುಳಿತಿದ್ದಾನೆ. ಅಲ್ಲಿಯ ದೇವರಿಗೆ ಇದೇ ಮೂಲಸ್ಥಾನವೆಂದು ನಂಬಿಕೆ. ವಿಲ್ವಮಂಗಲ ಸ್ವಾಮಿಗಳು ಪೂಜೆ ಮಾಡುತ್ತಿದ್ದಾಗ ಹುಡುಗನೊಬ್ಬ ತುಂಟಾಟ ಮಾಡಿದನಂತೆ. ಸ್ವಾಮಿಗಳು ಎಡಗೈಯಿಂದ ಅವನನ್ನು ದೂಡಿದರು. “ಇನ್ನು ನನ್ನನ್ನು ನೋಡಬೇಕಾದರೆ ಅನಂತನ ಕಾಡಿಗೆ ಬಾ” ಎಂದು ಹುಡುಗ ಗುಹೆಯೊಳಗೆ ಮಾಯವಾದ. ಸ್ವಾಮಿಗಳು ಬೆನ್ನಟ್ಟಿ ಹೋಗಿ ತಲುಪಿದ್ದು ತಿರುವನಂತಪುರವನ್ನು.

ಆ ಗುಹೆಯ ಬಾಯಿ ಕೆರೆಯ ಮೂಲೆಯಲ್ಲಿದೆ. ಅದರ ಮುಂದೆ ಬಹಳ ಹೊತ್ತು ನಿಂತೆ. ಒಂದು ಹೆಸರನ್ನು ಬೆನ್ನು ಹಿಡಿದು ಐನೂರು ಕಿಲೋಮೀಟರಿಗೂ ಮಿಕ್ಕಿ ನಡೆದ ಕತೆ ಇಲ್ಲೇ ಹುಟ್ಟಿದೆ. ನಮ್ಮ ಪಂಥ ಹೊಸದೆಂದು ಅಂದುಕೊಂಡಿದ್ದೆ, ಇದರ ಹಾದಿ ಬಹಳ ಹಿಂದೆಯೇ ಸವೆದಿತ್ತು.

ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಿತು. ಮಧ್ಯಾಹ್ನದ ಪೂಜೆಯ ಬಳಿಕ ನೈವೇದ್ಯದ ಅನ್ನ ಅದಕ್ಕೆ ಸಲ್ಲುತ್ತಿತ್ತು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ. ನಮಗೆ ಅದರ ದರ್ಶನವಾಗಲಿಲ್ಲ. ನೀರಿನಲ್ಲಿ ಮೀನುಗಳು ಮಾತ್ರ ಗುಂಪುಗೂಡಿ ಬಾಯಿ ತೆರೆಯುತ್ತಿದ್ದವು. ಬಬಿಯಾ ಎಂದು ಕರೆದರೆ ಬರುತ್ತಿತ್ತು ಎಂದು ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಅಕ್ಕನಿಗೆ ಹೇಳಿದರು. “ಈಗಿನದಕ್ಕೆ ನಮ್ಮ ದನಿ ಇನ್ನೂ ಗುರುತಾಗಬೇಕು ಅಮ್ಮಾ” ಎಂದರು.

ಅರ್ಚನೆಯ ಚೀಟಿ ಬರೆಸುವಾಗ ಹೆಸರು, ನಕ್ಷತ್ರ ಕೇಳಿದರು. “ಅನಂತ” ಎಂದೆ. “ದೇವರ ಹೆಸರಲ್ಲ, ನಿಮ್ಮದು” ಎಂದರು. ನನ್ನದೂ ಅದೇ ಎಂದಾಗ ತಲೆಯೆತ್ತಿ ನೋಡಿ ನಕ್ಕು, ದುಂಡಾದ ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟರು. ಆ ಚೀಟಿ ನನ್ನ ಡೈರಿಯಲ್ಲಿದೆ.

ಅಲ್ಲಿಂದ ಸೀತಾಂಗೋಳಿಗೆ ಬಯಲಿನ ದಾರಿಯಲ್ಲಿ ಹೆಚ್ಚು ಮಾತಿಲ್ಲದೆ ನಡೆದೆವು. ಮೂರು ಭಾಷೆಯವರೂ ಒಂದೇ ರೀತಿ ಹೇಳುವ ಹೆಸರು ಸೀತಾಂಗೋಳಿ. ಊರೆಂದರೆ ಒಂದು ಕವಲು ರಸ್ತೆ, ಎರಡೂ ಬದಿಗೆ ಅಂಗಡಿಗಳು. ಅಕ್ಕ ಫಲಕದ ಕೆಳಗೆ ನಿಂತಳು, ನಾನು ಫೋಟೊ ತೆಗೆದೆ. ಇನ್ನು ಯಾರಾದರೂ ಹೆಸರು ಹೇಳಬೇಕಿತ್ತು. ಯಾರನ್ನು ಕೇಳುವುದೆಂದು ನೋಡುತ್ತಿರುವಾಗ ಬದಿಯಡ್ಕದ ಕಡೆಯಿಂದ ಬಸ್ಸು ಬಂತು. ಕ್ಲೀನರ್ ಹುಡುಗ ಬಾಗಿಲಿನಿಂದ ಅರ್ಧ ಹೊರಗೆ ಜೋತು, “ಸೀತಾ… ಂಗೋಳಿ! ಸೀತಾ… ಂಗೋಳಿ!” ಎಂದು ಮೊದಲರ್ಧವನ್ನು ಎಳೆದೆಳೆದು ಕೂಗಿದ.

ಅಕ್ಕ ಗಕ್ಕನೆ ತಿರುಗಿದಳು. ಪುತ್ತೂರಿನ ಮನೆಯಲ್ಲಿ ಅವಳು ಅತ್ತಿಗೆ, ದೊಡ್ಡಮ್ಮ. ಶಾಲೆಯಲ್ಲಿ ಟೀಚರ್. ನನಗೆ ಅಕ್ಕ. ಭಾವ ಹೆಸರು ಹಿಡಿದು ಕರೆದವರಲ್ಲ. ಅಮ್ಮ ಹೋದ ಮೇಲೆ ಅವಳನ್ನು ಸೀತಾ ಎಂದು ದೂರದಿಂದ ಕೂಗುವವರು ಯಾರೂ ಉಳಿದಿರಲಿಲ್ಲ.

“ಇನ್ನೊಂದು ಬಸ್ಸು ಬರುವವರೆಗೆ ಕುಳಿತುಕೊಳ್ಳೋಣವೇ?” ಎಂದಳು. ಅಂಗಡಿಯ ಬೆಂಚಿನ ಮೇಲೆ ಕುಳಿತೆವು. ಮೂರು ಬಸ್ಸುಗಳು ಬಂದು ಹೋದವು.